ಆರ್ಡಿಸ್ ಕುಬಿಯಾಕ್ ಅಂಗೈ ಓದಿದ ಏಟು

ಭಾನುವಾರ ಬೆಳಗಿನ ಐದು ಗಂಟೆ. ಹಾರ್ನ್‌ಬೀಮ್ ಗುಡ್ಡದ ರೇಸ್ ಅಂಗಳದಲ್ಲಿ ಮೂವತ್ತು ಸ್ಟಾಕ್ ಕಾರುಗಳು ಟಾರ್ಪಾಲಿನ ಕೆಳಗೆ ಮಲಗಿವೆ. ಅವುಗಳನ್ನು ಓಡಿಸುವವರು ಟ್ರೇಲರುಗಳೊಳಗೆ ಗೊರಕೆ ಹೊಡೆಯುತ್ತಿದ್ದಾರೆ. ಮೆಕ್ಕೆಜೋಳದ ಹೊಲಗಳಿಂದ ಎದ್ದ ಸೆಪ್ಟೆಂಬರಿನ ಮಂಜು ಬೇಲಿ ದಾಟಿ ಬಂದು ಟಾರು ರಸ್ತೆಯ ಮೇಲೆ ಕೂತಿದೆ. ಎದ್ದು ಓಡಾಡುತ್ತಿರುವುದು ಒಂದೇ ಜೀವ. ಕಕ್ಕಸು ಕೋಣೆಗಳ ಪಕ್ಕದ ಚಪ್ಪರದಡಿ, ಎರಡು ಮರದ ಸ್ಟ್ಯಾಂಡುಗಳ ಮೇಲೆ ಕಾರೊಂದರ ಪಕ್ಕೆಯ ತಗಡನ್ನು ಮಲಗಿಸಿ, ಬಲಗೈಗೆ ತೆಳ್ಳನೆಯ ಹತ್ತಿಯ ಕೈಗವಸು ತೊಟ್ಟು, ಕಣ್ಣು ಮುಚ್ಚಿಕೊಂಡು, ಆರ್ಡಿಸ್ ಕುಬಿಯಾಕ್ ಅದರ ಮೇಲೆ ಅಂಗೈ ಆಡಿಸುತ್ತಿದ್ದಾರೆ. ಜ್ವರ ಬಂದ ಹಸುವಿನ ಮೈ ಸವರಿ ನೋಡುವವರ ಹಾಗೆ.

"ಕಣ್ಣು ಬಣ್ಣಕ್ಕೆ ಮರುಳಾಗುತ್ತೆ," ಎನ್ನುತ್ತಾರೆ ಆರ್ಡಿಸ್, ಕಣ್ಣು ತೆರೆಯದೆಯೇ. "ಕೈಗೆ ಬಣ್ಣ ಕಾಣಲ್ಲ ನೋಡಿ. ಬರಿಗೈಯಾದ್ರೆ ಬೆವರಿಗೆ ಅಂಟಿಕೊಳ್ಳುತ್ತೆ. ಈ ಬಟ್ಟೆ ಹಾಕಿಕೊಂಡ್ರೆ ಕೂದಲೆಳೆಯಷ್ಟು ತಗ್ಗಿದ್ರೂ ಗೊತ್ತಾಗುತ್ತೆ."

ಅರವತ್ತಮೂರರ ಈ ಹೆಂಗಸು ಹತ್ತೊಂಬತ್ತು ವರ್ಷಗಳಿಂದ ಇಲ್ಲಿ ಟಿಂಕರಿಂಗ್ ಕೆಲಸ ಮಾಡುತ್ತಿದ್ದಾರೆ. ರೇಸಿನಲ್ಲಿ ನುಜ್ಜಾದ ಬಾಗಿಲು, ಪಕ್ಕೆ, ಮೂತಿ ಎಲ್ಲವನ್ನೂ ಬಡಿದು ನೇರ ಮಾಡಿ, ರಿವೆಟ್ ಹೊಡೆದು ಮತ್ತೆ ಓಟಕ್ಕೆ ಕಳಿಸುವುದು ಇವರ ಪಾಲಿನದು. ಒಂದು ಶನಿವಾರದ ಓಟ ಮುಗಿದರೆ ಹದಿನೈದರಿಂದ ಇಪ್ಪತ್ತು ತಗಡು ಇವರ ಚಪ್ಪರಕ್ಕೆ ಬರುತ್ತವೆ. ನಾನೂರಕ್ಕೂ ಹೆಚ್ಚು ರಿವೆಟ್. ಸುತ್ತಿಗೆ ಏಟುಗಳನ್ನು ಯಾರೂ ಎಣಿಸಿಲ್ಲ, ಅವರ ಬಲ ಭುಜವೊಂದನ್ನು ಬಿಟ್ಟು. ಭಾನುವಾರ ಮಧ್ಯಾಹ್ನ ಒಂದು ಗಂಟೆಗೆ ಹಸಿರು ಬಾವುಟ ಬೀಸುವ ಹೊತ್ತಿಗೆ ಎಲ್ಲ ಕಾರುಗಳೂ ಮದುವೆ ಮನೆಗೆ ಹೊರಟಂತೆ ನಿಂತಿರಬೇಕು. ನಿಂತಿರುತ್ತವೆ. ಗೆದ್ದವರು ವೇದಿಕೆ ಹತ್ತಿ, ತಮ್ಮ ಟಯರು ಕಂಪನಿಗೆ, ಎಣ್ಣೆ ಕಂಪನಿಗೆ, ದೇವರಿಗೆ ಧನ್ಯವಾದ ಹೇಳುತ್ತಾರೆ. ಹತ್ತೊಂಬತ್ತು ವರ್ಷಗಳಲ್ಲಿ ಆ ಮೈಕಿನಲ್ಲಿ ಒಮ್ಮೆಯೂ ಬಾರದ ಹೆಸರು ಆರ್ಡಿಸ್ ಕುಬಿಯಾಕ್.

ಇವರು ಸುತ್ತಿಗೆ ಹಿಡಿದದ್ದು ರೇಸಿಗಾಗಿ ಅಲ್ಲ. ನದಿಯಾಚೆಗಿನ ಊರಿನಲ್ಲಿ ಡೇರಿಗಳಿಗೆ ಹಾಲಿನ ಟ್ಯಾಂಕು ಮಾಡಿಕೊಡುವ ಕಾರ್ಖಾನೆಯಿತ್ತು. ಅಲ್ಲಿ ಇಪ್ಪತ್ತೆರಡು ವರ್ಷ ಉಕ್ಕಿನ ತಗಡು ಬಾಗಿಸಿದರು. ಟ್ಯಾಂಕಿನ ಹೊಟ್ಟೆಯೊಳಗೆ ಕೂತು ಬಡಿಯುವ ಕೆಲಸ. ಎಡಗಿವಿ ಅಲ್ಲೇ ಹೋಯಿತು. ಕಿವಿಗೆ ಪರಿಹಾರ ಕೇಳಿದ ಹನ್ನೊಂದು ಮಂದಿಯಲ್ಲಿ ಇವರೂ ಒಬ್ಬರು. ಏಳು ವಾರ ಗೇಟಿನ ಮುಂದೆ ಹಿಮದಲ್ಲಿ ನಿಂತರು. ಎಂಟನೆಯ ವಾರ ಯಂತ್ರಗಳು ಲಾರಿಯೇರಿ, ಕೂಲಿ ಅಗ್ಗವಿರುವ ಇನ್ನೊಂದು ರಾಜ್ಯಕ್ಕೆ ಹೊರಟವು. ಕಾರ್ಖಾನೆ ಹೋದಮೇಲೂ ಕೈಯಲ್ಲಿ ಕಲೆ ಉಳಿಯಿತು. ಕಂಪನಿಯವರು ಅದನ್ನೂ ಬಿಚ್ಚಿ ಲಾರಿಗೆ ಹೇರುವಂತಿದ್ದರೆ ಹೇರುತ್ತಿದ್ದರು.

"ಉಕ್ಕು ಹಠಮಾರಿ. ಈ ಅಲ್ಯೂಮಿನಿಯಂ ಅಳುಬುರುಕಿ," ಎಂದು ನಗುತ್ತಾರೆ. "ಒಂದೇಟು ಜಾಸ್ತಿ ಬಿತ್ತು ಅಂದ್ರೆ ಸುಕ್ಕು ಸುಕ್ಕಾಗಿ ಕೂತುಬಿಡುತ್ತೆ. ರಮಿಸಿ ರಮಿಸಿ ಹೊಡೀಬೇಕು."

ಹಾರ್ನ್‌ಬೀಮ್ ಅಂಗಳದಲ್ಲಿ ಒಂದು ಪದ್ಧತಿಯಿದೆ. ನಿಯಮದ ಪುಸ್ತಕದಲ್ಲಿ ಅದನ್ನು ಹುಡುಕಿದರೆ ಸಿಗುವುದಿಲ್ಲ. ತಗಡು ಬಡಿಯುವಾಗ ಸುತ್ತಿಗೆಯ ಎದುರು ಬದಿಯಿಂದ ಒಬ್ಬರು ಕಬ್ಬಿಣದ ಗಟ್ಟಿಯೊಂದನ್ನು ಒತ್ತಿ ಹಿಡಿಯಬೇಕಾಗುತ್ತದೆ. ಇಲ್ಲವಾದರೆ ತಗ್ಗು ನೇರವಾಗುವ ಬದಲು ಇನ್ನೊಂದು ಕಡೆ ಉಬ್ಬುತ್ತದೆ. ಆ ಕಬ್ಬಿಣವನ್ನು ಹಿಡಿಯಬೇಕಾದವರು ಯಾರು? ಗುದ್ದಿದವರು. ಓಟ ಮುಗಿದು ಕತ್ತಲಾಗುವುದರೊಳಗೆ, ಯಾರೂ ಕರೆಯದೆ, ತಾವಾಗಿ ಬಂದು ಕಬ್ಬಿಣ ಹಿಡಿಯಬೇಕು. ಸುತ್ತಿಗೆ ಬಿದ್ದಾಗಲೆಲ್ಲ ಆ ಏಟು ತಗಡಿನ ಮೂಲಕ ಹಾದು ಅವರ ಅಂಗೈಗೆ ಬಂದು ಮುಟ್ಟುತ್ತದೆ. ಕ್ಷಮೆ ಕೇಳುವ ಅಗತ್ಯವಿಲ್ಲ. ಬಂದರೆ ಅದು ಗಟ್ಟಿ ಓಟ: ಇಬ್ಬರೂ ಗೆಲ್ಲಲು ಹೊರಟಿದ್ದರು, ಜಾಗ ಸಾಲಲಿಲ್ಲ, ತಾಗಿತು, ಮುಗಿಯಿತು. ಬಾರದಿದ್ದರೆ ಅದು ಕೊಳಕು ಓಟ. ಅಂಥವರನ್ನು ಅಂಗಳದಲ್ಲಿ ಯಾರೂ ಊಟಕ್ಕೆ ಕರೆಯುವುದಿಲ್ಲ.

"ಒಬ್ಬ ಇದ್ದ, ಹಂದಿ ಸಾಕೋನು, ಡೀನ್ ಅಂತ," ಎಂದು ಆರ್ಡಿಸ್ ನೆನೆಯುತ್ತಾರೆ. "ಒಂದೇ ಓಟದಲ್ಲಿ ಮೂರು ಜನಕ್ಕೆ ಗುದ್ದಿದ್ದ. ಮೂರು ತಗಡಿಗೂ ಅವನೇ ಬಂದು ನಿಂತ. ಮೂರನೇದು ಮುಗಿಯೋ ಹೊತ್ತಿಗೆ ಕೈ ಊದಿಕೊಂಡು ಬ್ರೆಡ್ಡಿನ ಥರ ಆಗಿತ್ತು. 'ಆರ್ಡಿಸ್, ಮುಂದಿನ ವಾರ ನಾನು ಯಾರಿಗೂ ತಾಗಿಸಲ್ಲ' ಅಂದ. ತಾಗಿಸಿದ. ಬಂದ. ಅಂಥೋನನ್ನ ಹೇಗ್ರೀ ಬಯ್ಯೋದು?"

ಈ ಪದ್ಧತಿಗೆ ಈಗ ಕುತ್ತು ಬಂದಿದೆ. ನಾಲ್ಕು ವರ್ಷಗಳ ಹಿಂದೆ ಜಲ್ಲಿ ಕ್ವಾರಿಗಳ ಒಡೆಯ ಲಿಂಡ್‌ಹೋಮ್ ಈ ಮೈದಾನಕ್ಕೆ ಹಣ ಹಾಕಿದರು. ಅವರ ಮಗ, ಇಪ್ಪತ್ತೆರಡರ ಬ್ರಾಡಿ, ಎಂಟನೆಯ ನಂಬರಿನ ಕಾರು ಓಡಿಸುತ್ತಾನೆ. ಎರಡಂತಸ್ತಿನ ಟ್ರೇಲರು, ಬಿಳಿ ಡೇರೆ, ಡೇರೆಯ ಸುತ್ತ ಹಗ್ಗ, ಒಂದೇ ಬಣ್ಣದ ಅಂಗಿ ತೊಟ್ಟ ಒಂಬತ್ತು ಮಂದಿ ಮೆಕ್ಯಾನಿಕ್ಕುಗಳು. ಹೊಸ ತಗಡು ಕತ್ತರಿಸುವುದು, ಬಾಗಿಸುವುದು ಎಂದು ಅವರಿಂದ ಬರುವ ಸಣ್ಣಪುಟ್ಟ ಕೆಲಸವೇ ಆರ್ಡಿಸ್ ಅವರ ಗಳಿಕೆಯ ದೊಡ್ಡ ಪಾಲು. ಅಂದಿನಿಂದ ಇಲ್ಲಿ ಒಂದೇ ಏಟಿಗೆ ಎರಡು ಹೆಸರು ಬಂದಿವೆ. ಗುದ್ದಿದವನ ಟ್ರೇಲರು ಹೊಳೆಯುತ್ತಿದ್ದರೆ ಅದು ಗಟ್ಟಿ ಓಟ, ಗೆಲುವಿನ ಹಸಿವು, ಹುಟ್ಟು ಛಲ. ಗುದ್ದಿದವರ ಟ್ರೇಲರಿಗೆ ತುಕ್ಕು ಹಿಡಿದಿದ್ದರೆ ಅದೇ ಏಟು ಕೊಳಕು ಓಟ. ಜುಲೈಯಲ್ಲಿ ಬ್ರಾಡಿ ಹಿಂದಿನಿಂದ ಬಂದು ಒಬ್ಬನನ್ನು ಟಯರು ಗೋಡೆಗೆ ನೂಕಿದಾಗ ತೀರ್ಪುಗಾರರು ಬರೆದದ್ದು ಒಂದೇ ಸಾಲು: "ಓಟದ ಬಿಸಿಯಲ್ಲಿ ಆದದ್ದು." ಆ ಸಂಜೆ ಕಬ್ಬಿಣ ಹಿಡಿಯಲು ಅವನು ಬರಲಿಲ್ಲ. ಹಗ್ಗದ ಒಳಗಿರುವವರಿಗೆ ಹಗ್ಗದ ಹೊರಗಿನ ಪದ್ಧತಿ ಯಾಕೆ ಬೇಕು?

ಈ ಭಾನುವಾರ ಬೆಳಗ್ಗೆ ಆರ್ಡಿಸ್ ಅವರ ಸ್ಟ್ಯಾಂಡಿನ ಮೇಲೆ ಮಲಗಿರುವುದು ಅದೇ ಎಂಟನೆಯ ನಂಬರಿನ ತಗಡು. ಬಾಗಿಲಿನಿಂದ ಹಿಂಚಕ್ರದವರೆಗಿನ ಬಲ ಪಕ್ಕೆ. ನಿನ್ನೆಯ ಓಟದಲ್ಲಿ, ಮುಗಿಯಲು ಎರಡು ಸುತ್ತು ಬಾಕಿಯಿರುವಾಗ, ಇಳಿಜಾರಿನ ಐದನೆಯ ತಿರುವಿನಲ್ಲಿ ನಲವತ್ತೊಂದನೆಯ ನಂಬರಿನ ರೋಂಡಾ ಸ್ಟೆಂಗ್ಲ್ ಬ್ರಾಡಿಯ ಪಕ್ಕಕ್ಕೆ, ತಿರುವಿನ ಒಳಬದಿಯಿಂದ ನುಗ್ಗಿದಳು. ಎರಡೂ ಕಾರು ತಾಗಿದವು. ಬ್ರಾಡಿ ಗಿರಗಿರನೆ ತಿರುಗಿ ರಸ್ತೆಯಾಚೆಯ ಜಲ್ಲಿಯಲ್ಲಿ ಹೂತುಕೊಂಡ. ರೋಂಡಾ ಮೊದಲು ಗುರಿ ಮುಟ್ಟಿದಳು. ಗೆಲುವು ಅವಳ ಕೈಯಲ್ಲಿ ಇಪ್ಪತ್ತು ನಿಮಿಷ ಇತ್ತು. ಆಮೇಲೆ ಧ್ವನಿವರ್ಧಕದಲ್ಲಿ ಘೋಷಣೆ: ಅಪಾಯಕಾರಿ ಚಾಲನೆ, ಉದ್ದೇಶಪೂರ್ವಕ ಡಿಕ್ಕಿ, ಗೆಲುವು ರದ್ದು, ಭಾನುವಾರ ಬೆಳಗ್ಗೆ ಎಂಟಕ್ಕೆ ವಿಚಾರಣೆ. ತಪ್ಪು ಸಾಬೀತಾದರೆ ಈ ವರ್ಷದ್ದೂ ಮುಂದಿನ ವರ್ಷದ್ದೂ ಲೈಸೆನ್ಸ್ ಹೋಗುತ್ತದೆ.

ರೋಂಡಾಗೆ ಮೂವತ್ತೇಳು. ವಾರದ ಐದು ದಿನ ಬೆಳಗಿನ ಜಾವ ಹೊಲಮನೆಗಳಿಂದ ಹಾಲು ಹೀರಿಕೊಂಡು ಚೀಸ್ ಕಾರ್ಖಾನೆಗೆ ಮುಟ್ಟಿಸುವ ಟ್ಯಾಂಕರ್ ಓಡಿಸುತ್ತಾಳೆ. ಈ ರೇಸ್ ಕಾರನ್ನು ಒಂಬತ್ತು ವರ್ಷಗಳಲ್ಲಿ, ಬೇರೆಯವರು ಬಿಸಾಡಿದ ಭಾಗಗಳಿಂದ ಕಟ್ಟಿಕೊಂಡಿದ್ದಾಳೆ. ಎರಡು ವರ್ಷ ಹೊರಗೆ ಕೂತರೆ ಅವಳಿಗೆ ಮತ್ತೆ ಒಳಬರುವ ದಾರಿಯಿಲ್ಲ. ಲಿಂಡ್‌ಹೋಮ್ ಮಗನಿಗೆ ಎರಡು ವರ್ಷ ಎಂದರೆ ಬೇರೆ ಮೈದಾನ, ಅಷ್ಟೇ.

ಐದೂವರೆಗೆ ರೋಂಡಾ ಮಂಜಿನೊಳಗಿಂದ ಚಪ್ಪರಕ್ಕೆ ಬರುತ್ತಾಳೆ. ಆರ್ಡಿಸ್ ಅವರಿಗೆ ಬಲಗಿವಿ ಮಾತ್ರ ಕೇಳುವುದರಿಂದ ಆ ಬದಿಗೇ ಹೋಗಿ ನಿಲ್ಲುತ್ತಾಳೆ.

"ಬೇಗ ಎದ್ದಿದೀಯ," ಎನ್ನುತ್ತಾಳೆ.

"ಮಲಗಿದ್ರೆ ತಾನೆ ಏಳೋಕೆ? ಫ್ಲಾಸ್ಕಿನಲ್ಲಿ ಕಾಫಿ ಇದೆ, ಕುಡಿ. ನಿನ್ನ ಮುಖ ನೋಡು, ಒಡೆದ ಹಾಲಿನ ಹಾಗಿದೆ."

"ಟ್ಯಾಂಕರ್ ಓಡಿಸೋಳ ಹತ್ರ ಒಡೆದ ಹಾಲಿನ ಮಾತು ಎತ್ತಬೇಡ ಮಾರಾಯ್ತಿ, ಕೆಲಸ ಹೋಗುತ್ತೆ." ನಗಲು ಹೋಗಿ ರೋಂಡಾಗೆ ನಗು ಬರುವುದಿಲ್ಲ. "ನಿನ್ನೆ ಸಂಜೆ ಹೋಗಿದ್ದೆ, ಅವರ ಡೇರೆಗೆ. ಕಬ್ಬಿಣ ಹಿಡಿಯೋಕೆ ಬಂದಿದೀನಿ ಅಂದೆ. ಹಗ್ಗದ ಆ ಕಡೆ ನಿಂತಿದ್ದೋನು ನಕ್ಕುಬಿಟ್ಟ. 'ನಾವು ತಗಡು ಬಡಿಯಲ್ಲ ಮೇಡಂ, ಬದಲಾಯಿಸ್ತೀವಿ' ಅಂದ."

ಬದಲಾಯಿಸಿಯೂ ಇದ್ದರು. ಮುಕ್ಕಾಲು ಗಂಟೆಯಲ್ಲಿ ಹೊಸ ತಗಡು ಕೂರಿಸಿ, ಹಳೆಯದನ್ನು ಗುಜರಿ ಡಬ್ಬಕ್ಕೆ ಎಸೆದಿದ್ದರು. ಗುಜರಿ ತಗಡು ಆರ್ಡಿಸ್ ಅವರ ಹಕ್ಕು. ಪ್ರತಿ ಶನಿವಾರ ಕತ್ತಲಾಗುವ ಮುನ್ನ ಡಬ್ಬ ತಡಕುತ್ತಾರೆ. ಹಾಗೆ ಸಿಕ್ಕಿತು ಇದು. ವಿಚಾರಣೆಗೆ ಬೇಕಾದೀತು ಎಂದು ತೀರ್ಪುಗಾರರಿಗೂ ಹೊಳೆಯಲಿಲ್ಲ. ಅವರು ಒಂದು ಫೋಟೊ ತೆಗೆದುಕೊಂಡಿದ್ದರು, ಅಷ್ಟು ಸಾಕೆಂದುಕೊಂಡರು. ಐದನೆಯ ತಿರುವಿನಲ್ಲಿ ಕ್ಯಾಮೆರಾ ಇಲ್ಲ. ಬ್ರಾಡಿಯ ಕಾರಿನದು ಮುಂದಕ್ಕಷ್ಟೇ ನೋಡುತ್ತದೆ. ರೋಂಡಾಳದು ಜೂನ್‌ನಲ್ಲೇ ಒಡೆದಿದೆ.

"ಕೊಡು ಕಬ್ಬಿಣ, ಈಗ ಹಿಡೀತೀನಿ," ಎಂದು ರೋಂಡಾ ಕೈ ಚಾಚುತ್ತಾಳೆ. "ಇದು ಯಾವ ಕಾರಿಗೂ ಹೋಗದಿದ್ರೂ ಪರವಾಗಿಲ್ಲ. ನನ್ನ ಪಾಲಿನದು ನಾನು ಮಾಡ್ತೀನಿ."

"ಮುಟ್ಟಬೇಡ! ಇದನ್ನ ಬಡಿದ್ರೆ ಇದರ ಬಾಯಿ ಮುಚ್ಚುತ್ತೆ, ಜೊತೆಗೆ ನಿಂದೂ ಮುಚ್ಚುತ್ತೆ."

"ನಾನು ಗುದ್ದಿಲ್ಲ ಅಂತ ಹೇಳ್ತಾ ಇಲ್ಲ ಆರ್ಡಿಸ್. ಜೋರಾಗೇ ಗುದ್ದಿದೆ. ಜಾಗ ಇತ್ತು, ನುಗ್ಗಿದೆ. ಅವನು ಮೇಲೆ ಬಂದ, ನಾನು ಬಿಡಲಿಲ್ಲ."

"ಗೊತ್ತು. ಇಲ್ಲೇ ಬರೆದಿದೆಯಲ್ಲ," ಎನ್ನುತ್ತಾ ಆರ್ಡಿಸ್ ಟಾರ್ಚ್ ಹಾಕುತ್ತಾರೆ.

ಬಾಗಿಲಿನ ನಟ್ಟನಡುವೆ, ದೊಡ್ಡ ಎಂಟರ ಹೊಟ್ಟೆಯ ಮೇಲೆ, ಟಯರು ಉಜ್ಜಿದ ಕಪ್ಪು ಬಳೆಗಳು. ಒಂದರ ಮೇಲೊಂದು ಮೂರು. ಅಂಗಳದ ಜನಕ್ಕೆ ಈ ಬಳೆ ಓದಲು ಬರುತ್ತದೆ. ಬಳೆ ಉದ್ದಕ್ಕೆ ಎಳೆದುಕೊಂಡಿದ್ದರೆ ಒಬ್ಬರು ಇನ್ನೊಬ್ಬರಿಗಿಂತ ಜೋರಾಗಿ ಬಂದು ನುಗ್ಗಿದ್ದಾರೆ ಎಂದರ್ಥ. ದುಂಡಗಿದ್ದರೆ ಇಬ್ಬರ ವೇಗವೂ ಒಂದೇ. ಹೆಗಲಿಗೆ ಹೆಗಲು ಕೊಟ್ಟು ಓಡುತ್ತಿದ್ದರು. ಈ ಮೂರೂ ಹಪ್ಪಳದ ಹಾಗೆ ದುಂಡಗಿವೆ. ರೋಂಡಾಳ ಮುಂದಿನ ಚಕ್ರ ಬ್ರಾಡಿಯ ಬಾಗಿಲಿಗೆ ಬಂದಾಗಿತ್ತು. ಪಕ್ಕದ ಕಾರಿನ ಮುಂಚಕ್ರ ಬಾಗಿಲಿಗೆ ಬಂದಿದ್ದರೆ ಒಳಗಿನವರಿಗೆ ಜಾಗ ಬಿಡಬೇಕೆಂದು ಇಲ್ಲಿಯ ನಿಯಮವೇ ಹೇಳುತ್ತದೆ. ಬ್ರಾಡಿ ಬಿಡಲಿಲ್ಲ, ಅವಳಿಲ್ಲವೆಂಬಂತೆ ತಿರುಗಿದ.

ಆದರೆ ತೀರ್ಪುಗಾರರ ಫೋಟೊದಲ್ಲಿ ಇರುವುದು ಬಳೆಯಲ್ಲ. ಬಾಗಿಲಿನ ಹಿಂದೆ, ಹಿಂಚಕ್ರದ ಬಳಿ, ಬೋಗುಣಿಯಷ್ಟು ಆಳದ ತಗ್ಗು. ಹಿಂದಿನಿಂದ ಬಂದು ಮೂತಿಯಿಂದ ಗುದ್ದಿ ತಿರುಗಿಸಿದರೆ ಆಗುವಂಥದ್ದು. ಎದುರಾಳಿಯನ್ನು ಕೆಡವಲೆಂದೇ ಮಾಡುವ ಆ ಕೊಳಕು ಏಟನ್ನು ಇಲ್ಲಿ ಎಳೆಯರೂ ಗುರುತಿಸುತ್ತಾರೆ. ಎರಡೂ ಒಂದೇ ತಗಡಿನ ಮೇಲಿವೆ. ಬಳೆ ಒಂದು ಹೇಳುತ್ತದೆ, ತಗ್ಗು ಇನ್ನೊಂದು.

ಆರ್ಡಿಸ್ ಅಂಗೈ ಆ ತಗ್ಗಿನ ಅಂಚಿಗೆ ಬಂದು ನಿಂತಿದೆ. ಕದಲುತ್ತಿಲ್ಲ.

ಯಾಕೆಂದರೆ ಇಂಥದ್ದೇ ಒಂದು ತಗ್ಗಿನ ಮೇಲೆ ಈ ಅಂಗೈ ಹಿಂದೊಮ್ಮೆ ತಪ್ಪಿದೆ. ಆರು ವರ್ಷಗಳ ಹಿಂದೆ ರಾಯ್ ಟೆಸ್ಕೆ ಎಂಬ ಗಾರೆ ಕೆಲಸದವನು ಒಬ್ಬನಿಗೆ ತಾಗಿಸಿದ. ಸಂಜೆ ಕಬ್ಬಿಣ ಹಿಡಿಯಲೂ ಬಂದ. ಆರ್ಡಿಸ್ ತಗಡು ಸವರಿ ನೋಡಿ, "ಇದು ಹಿಂದಿನಿಂದ ಬೇಕಂತಲೇ ಕೊಟ್ಟ ಏಟು, ನಿನ್ನ ಕೈ ನನಗೆ ಬೇಡ" ಎಂದು ಎಲ್ಲರೆದುರು ಅವನನ್ನು ಕಳಿಸಿಬಿಟ್ಟರು. ಅಂಗಳದಲ್ಲಿ ಆರ್ಡಿಸ್ ಮಾತೆಂದರೆ ಕಲ್ಲಿನ ಮೇಲೆ ಬರೆದಂತೆ. ಟೆಸ್ಕೆಯ ಜೊತೆ ಮಾತಾಡುವವರಿಲ್ಲದಾಯಿತು. ಆ ಬೇಸಗೆಯಲ್ಲೇ ಕಾರು ಮಾರಿದ. ಚಳಿಗಾಲದಲ್ಲಿ ಅದೇ ತಗಡು ಮತ್ತೆ ಆರ್ಡಿಸ್ ಕೈಗೆ ಬಂದಾಗ, ಬಣ್ಣ ಕೆರೆದು ನೋಡಿದರೆ, ಅಡಿಯಲ್ಲಿ ಬೇರೆ ಯಾರೋ ಅದಕ್ಕೂ ಎರಡು ವರ್ಷ ಮೊದಲೇ ತಗ್ಗು ಮುಚ್ಚಲು ಮೆತ್ತಿದ ಪುಟ್ಟಿ. ಟೆಸ್ಕೆಯ ಏಟು ಬರೀ ಸವರಿಕೊಂಡು ಹೋಗಿತ್ತು. ಆ ಅದುರಾಟಕ್ಕೆ ಹಳೆಯ ತಗ್ಗು ಮತ್ತೆ ಬಾಯಿ ತೆರೆದಿತ್ತು. ತಗಡು ತನಗೆ ಬಿದ್ದ ಏಟನ್ನು ಮರೆಯುವುದಿಲ್ಲ. ಎಷ್ಟು ನೇರ ಮಾಡಿದರೂ, ಇನ್ನೊಮ್ಮೆ ಜೋರಾಗಿ ಅದುರಿದರೆ ಹಳೆಯ ಜಾಗದಲ್ಲೇ ಕುಸಿಯುತ್ತದೆ.

"ಅವನ ಮನೆಗೆ ಹೋದೆ," ಎನ್ನುತ್ತಾರೆ ಆರ್ಡಿಸ್. "ತಪ್ಪಾಯ್ತು ಅಂದೆ. ಕಾಫಿ ಕೊಟ್ಟ. ಕುಡಿಯೋ ತನಕ ಎದುರಿಗೇ ಕೂತು ಕಿಟಕಿ ಕಡೆ ನೋಡ್ತಿದ್ದ. ಕಪ್ಪು ತೊಳೆದಿಟ್ಟು ಬಂದೆ." ಅಂದಿನಿಂದ ಅವರು ಯಾವ ಏಟಿನ ಬಗ್ಗೆಯೂ ತೀರ್ಪು ಕೊಟ್ಟಿಲ್ಲ. ಯಾರು ಕೇಳಿದರೂ ಒಂದೇ ಉತ್ತರ: "ನಾನು ಬಡಿಯೋಳು. ಹೇಳೋಳಲ್ಲ."

ಈಗ ಅವರು ತಗಡನ್ನು ಮಗುಚಿ ಹಾಕುತ್ತಾರೆ. ಹಿಂಬದಿಯ ಬರಿಯ ಲೋಹಕ್ಕೆ ಟಾರ್ಚ್ ಬೀಳುತ್ತದೆ. ತಗ್ಗಿನ ಸುತ್ತ ಉಗುರು ಒತ್ತಿದಂಥ ಸಣ್ಣ ಸಣ್ಣ ಗುರುತುಗಳು, ನೂರಾರು. ಅರ್ಧಚಂದ್ರ. ಆರ್ಡಿಸ್ ಮೇಜಿನಿಂದ ತಮ್ಮ ಸುತ್ತಿಗೆ ತೆಗೆದು ರೋಂಡಾಳ ಮೂಗಿನ ಕೆಳಗೆ ಹಿಡಿಯುತ್ತಾರೆ. ಅದರ ಮುಖದ ಅಂಚಿನಲ್ಲಿ ಒಂದು ಚಕ್ಕೆ ಎದ್ದಿದೆ. ಅದೇ ಅರ್ಧಚಂದ್ರ.

"ನಿಂದೇ?"

"ನಂದೇ. ಮೇ ತಿಂಗಳು. ಅವರ ಹೊಸ ತಗಡಿನ ಲಾರಿ ಬಂದಿರಲಿಲ್ಲ, ನನ್ನ ಹತ್ರ ಓಡಿ ಬಂದಿದ್ರು."

"ಅಂದ್ರೆ ಇದು ಹಳೇ ಗುಂಡಿ! ಆರ್ಡಿಸ್, ಅಂದ್ರೆ ನಾನು..." ರೋಂಡಾಳ ಕೈಯಲ್ಲಿದ್ದ ಕಾಫಿ ಚೆಲ್ಲುತ್ತದೆ. ಆಮೇಲೆ ಅವಳಿಗೇ ಹೊಳೆಯುತ್ತದೆ, ಮೆಲ್ಲಗೆ ಕೇಳುತ್ತಾಳೆ: "ಇದನ್ನ ಅಲ್ಲಿ ಹೇಳಬೇಕಾದ್ರೆ, ನಿನ್ನ ಕೆಲಸ ನಿಲ್ಲಲಿಲ್ಲ ಅಂತಲೂ ಹೇಳಬೇಕಾಗುತ್ತೆ. ಅಲ್ವಾ?"

ಆರ್ಡಿಸ್ ಕೈಗವಸು ಬಿಚ್ಚಿ ಜೇಬಿಗೆ ಹಾಕಿಕೊಳ್ಳುತ್ತಾರೆ. "ಕಾಫಿ ಮುಗಿಸು," ಎನ್ನುತ್ತಾರೆ.

ಕೈಕೆಲಸದವರಿಗೆ ಮಾತ್ರ ಗೊತ್ತು, ತನ್ನ ಕೆಲಸ ನಿಲ್ಲಲಿಲ್ಲ ಎಂಬ ಮಾತಿನ ಭಾರ. ಬಂಡವಾಳ ಹಾಕಿದವನು ಮುಳುಗಿದರೆ ಅದನ್ನು ಸಾಹಸ ಎನ್ನುತ್ತಾರೆ, ಇನ್ನೊಂದು ಸಾಲ ಕೊಡುತ್ತಾರೆ. ಕೈಕೆಲಸದವರ ಒಂದು ಬೆಸುಗೆ ಬಿಟ್ಟರೆ, ಒಂದು ಹೊಲಿಗೆ ಬಿಚ್ಚಿದರೆ, ಆ ಕೈಯೇ ಕಳಪೆ ಎಂದಾಗುತ್ತದೆ. ಆರ್ಡಿಸ್ ಅವರಿಗೆ ಪಿಂಚಣಿಯಿಲ್ಲ, ಯೂನಿಯನ್ ಇಲ್ಲ. ಇರುವುದು "ಆರ್ಡಿಸ್ ಬಡಿದದ್ದು ಮತ್ತೆ ಕುಸಿಯಲ್ಲ" ಎಂಬ ಮಾತೊಂದು. ಅದನ್ನು ತಾವೇ ಎತ್ತಿ ಕೆಳಗೆ ಹಾಕಬೇಕು, ಅದೂ ಆ ಡೇರೆಯವರ ಎದುರು.

ಎಂಟು ಗಂಟೆ. ಸಮಯ ಅಳೆಯುವ ಕಚೇರಿಯ ಮಹಡಿಯ ಮೇಲೊಂದು ಕಿರಿದಾದ ಕೋಣೆ. ಒಂದು ಮೇಜು, ಐದು ಕುರ್ಚಿ. ಮುಖ್ಯ ತೀರ್ಪುಗಾರ ವಾರೆನ್ ಗಟ್ಕೆ, ನಿವೃತ್ತ ಶಾಲಾ ಮುಖ್ಯೋಪಾಧ್ಯಾಯರು, ನಡುವೆ ಕೂತಿದ್ದಾರೆ. ಆಚೆ ಈಚೆ ಇಬ್ಬರು ಸಹಾಯಕರು. ಉಳಿದೆರಡರಲ್ಲಿ ಬ್ರಾಡಿ ಮತ್ತು ಅವನ ತಂಡದ ಮ್ಯಾನೇಜರ್ ಡ್ರೇಗರ್. ದೂರು ಕೊಟ್ಟವರು ಕೂತಿದ್ದಾರೆ, ದೂರು ಹೊತ್ತವಳು ನಿಂತಿದ್ದಾಳೆ. ಅವಳ ಪಕ್ಕ, ಆರಡಿ ಉದ್ದದ ತಗಡನ್ನು ತೋಳಿನಲ್ಲಿ ತಬ್ಬಿಕೊಂಡು ಆರ್ಡಿಸ್ ನಿಂತಿದ್ದಾರೆ.

"ನಿಮ್ಮನ್ನು ನಾವು ಕರೆದಿಲ್ಲ, ಮಿಸೆಸ್ ಕುಬಿಯಾಕ್," ಎನ್ನುತ್ತಾರೆ ಗಟ್ಕೆ.

"ಇದನ್ನೂ ಕರೆದಿರಲಿಲ್ಲ ನೀವು. ಡಬ್ಬದಲ್ಲಿ ಬಿದ್ದಿತ್ತು. ನಾನು ಎತ್ಕೊಂಡು ಬಂದೆ."

ಡ್ರೇಗರ್ ನಗುತ್ತಾರೆ. "ಗುಜರಿ ಸಾಮಾನು ಸಾಕ್ಷಿ ಹೇಳುತ್ತಾ ಈಗ?"

"ನೀವು ಹೇಳ್ತಿಲ್ಲವಲ್ಲ. ಅದಾದ್ರೂ ಹೇಳಲಿ ಬಿಡಿ."

ಗಟ್ಕೆ ಕೈಯೆತ್ತಿ ಇಬ್ಬರನ್ನೂ ಸುಮ್ಮನಾಗಿಸುತ್ತಾರೆ. ಆರ್ಡಿಸ್ ಮೊದಲು ಬಳೆ ತೋರಿಸುತ್ತಾರೆ. ತಗಡಿನ ಮೈಗೆಲ್ಲ ಹೊದಿಸುವ ಬಣ್ಣದ ಸ್ಟಿಕ್ಕರ್ ಹಾಳೆಯನ್ನು ಬ್ರಾಡಿಯ ತಂಡ ಅಂಟಿಸಿದ್ದು ಶುಕ್ರವಾರ ಸಂಜೆ; ಅದನ್ನು ಡ್ರೇಗರ್ ಅವರೇ ಒಪ್ಪುತ್ತಾರೆ. ಬಳೆ ಹಾಳೆಯ ಮೇಲಿದೆ, ಹಾಗಾಗಿ ಅದು ಶನಿವಾರದ್ದು. ನಂತರ ತಗ್ಗಿನ ಬಳಿ ಹಾಳೆಯ ತುದಿಗೆ ಉಗುರು ಹಾಕಿ ಪರ್ರನೆ ಸುಲಿಯುತ್ತಾರೆ. ಕೆಳಗೆ ಬೂದು ಬಣ್ಣದ ಪುಟ್ಟಿ, ಒಣಗಿದ ಕೆರೆಯ ಮಣ್ಣಿನ ಹಾಗೆ ಬಿರುಕು ಬಿಟ್ಟದ್ದು. ಒಂದು ಚಕ್ಕೆ ಉದುರಿ ಗಟ್ಕೆಯವರ ಕಾಗದಗಳ ಮೇಲೆ ಬೀಳುತ್ತದೆ. ತಗಡು ಮಗುಚಿ, ಹಿಂಬದಿಯ ಅರ್ಧಚಂದ್ರಗಳ ಮೇಲೆ ಸುತ್ತಿಗೆಯ ಮುಖವನ್ನಿಟ್ಟು ತೋರಿಸುತ್ತಾರೆ. ಒಂದೊಂದೂ ಬೀಗಕ್ಕೆ ಕೀಲಿಯಂತೆ ಕೂರುತ್ತದೆ.

ಸಹಾಯಕರಲ್ಲೊಬ್ಬರು ಎದ್ದು ಬಂದು ಬಗ್ಗಿ ನೋಡುತ್ತಾರೆ. ಡ್ರೇಗರ್ ಈಗ ನಗುತ್ತಿಲ್ಲ.

"ಅಂದ್ರೆ ಮೇ ತಿಂಗಳಲ್ಲಿ ನೀವು ನಮಗೆ ಮಾಡಿಕೊಟ್ಟ ಕೆಲಸ ಕಳಪೆ ಅಂತ ನೀವೇ ಒಪ್ಕೊತಿದೀರಾ?"

ಕೋಣೆಯ ಹೊರಗೆ, ಮೆಟ್ಟಿಲ ಮೇಲೆ, ನಾಲ್ಕಾರು ತಂಡಗಳವರು ನಿಂತು ಕೇಳುತ್ತಿದ್ದಾರೆ. ಎಲ್ಲರ ಕಾರಿನ ಮೇಲೂ ಆರ್ಡಿಸ್ ಸುತ್ತಿಗೆಯ ಗುರುತಿದೆ.

"ಹೂಂ. ಕಳಪೆ," ಎನ್ನುತ್ತಾರೆ ಆರ್ಡಿಸ್. "ನಲವತ್ತು ನಿಮಿಷ ಕೊಟ್ರಿ. ಎರಡು ಗಂಟೆ ಕೆಲಸ ಅದು. ಆಗಲ್ಲ ಅನ್ನಬೇಕಿತ್ತು, ಅನ್ನಲಿಲ್ಲ. ಅರ್ಧ ಬಡಿದು ಪುಟ್ಟಿ ಮೆತ್ತಿ ಕಳಿಸಿದೆ. ಮೇಲಿಂದ ಚೆಂದ ಕಾಣ್ತಿತ್ತು. ನಿನ್ನೆ ಕಾರು ಜಲ್ಲಿಗೆ ಬಿದ್ದು ಅದುರಿದಾಗ ಕುಸೀತು. ಆ ಗುಂಡಿ ನಂದು. ಅವಳದಲ್ಲ."

ಗಟ್ಕೆ ಕನ್ನಡಕ ತೆಗೆಯುತ್ತಾರೆ. "ಟೆಸ್ಕೆ ವಿಷಯದಲ್ಲೂ ನೀವು ಹೀಗೇ ಖಡಾಖಂಡಿತವಾಗಿ ಹೇಳಿದ್ರಿ. ಆಮೇಲೆ ತಪ್ಪಿದ್ರಿ."

"ತಪ್ಪಿದೆ. ಅದಕ್ಕೇ ಇವತ್ತು ಹಾಳೆ ಸುಲಿದು ತೋರಿಸ್ತಾ ಇರೋದು. ಅವತ್ತು ಬಣ್ಣ ಕೆರೆದು ನೋಡಿದ್ದಿದ್ರೆ ಅವನು ಈಗಲೂ ಓಡಿಸ್ತಿದ್ದ." ಆರ್ಡಿಸ್ ಉಸಿರು ತೆಗೆದುಕೊಳ್ಳುತ್ತಾರೆ. "ಬಳೆ ದುಂಡಗಿದೆ, ಬಾಗಿಲ ಮಧ್ಯ ಇದೆ. ಅಷ್ಟು ಹೇಳ್ತೀನಿ. ಅವಳ ಮನಸ್ಸಲ್ಲಿ ಏನಿತ್ತು ಅಂತ ತಗಡು ಹೇಳಲ್ಲ. ಈ ಹುಡುಗನ ಮನಸ್ಸಲ್ಲಿ ಏನಿತ್ತು ಅಂತಲೂ ಹೇಳಲ್ಲ. ಹೇಳುತ್ತೆ ಅಂದೋರನ್ನ ನಂಬಬೇಡಿ, ನಾನೇ ಅಂದ್ರೂನೂ."

ಬ್ರಾಡಿ ತನ್ನ ಬೂಟಿನ ತುದಿ ನೋಡುತ್ತಿದ್ದಾನೆ. ಕಿವಿ ಕೆಂಪಾಗಿದೆ. ಕೆಟ್ಟ ಹುಡುಗನಲ್ಲ. ಅವನಿಗೆ ಎಲ್ಲವನ್ನೂ ಬದಲಾಯಿಸುವುದನ್ನು ಕಲಿಸಿದ್ದಾರೆ. ಕಬ್ಬಿಣ ಹಿಡಿಯುವುದನ್ನು ಯಾರೂ ಕಲಿಸಿಲ್ಲ. "ಒಳಬದಿಯಲ್ಲಿ ಅವಳಿದಾಳೆ ಅಂತ ಗೊತ್ತಿತ್ತಾ?" ಎಂದು ಗಟ್ಕೆ ಕೇಳಿದಾಗ ಅವನು ಬಾಯಿ ತೆರೆಯುವ ಮೊದಲೇ ಡ್ರೇಗರ್ ಉತ್ತರಿಸುತ್ತಾರೆ, "ಕಂಡಿರಲಿಲ್ಲ."

"ನಾನು ಅವನನ್ನ ಕೇಳಿದ್ದು," ಎನ್ನುತ್ತಾರೆ ಗಟ್ಕೆ. ಮೇಷ್ಟರ ದನಿ.

ಬ್ರಾಡಿ ತಲೆಯೆತ್ತುವುದಿಲ್ಲ. "ಬಿಟ್ಟುಕೊಡ್ತಾಳೆ ಅಂದ್ಕೊಂಡೆ," ಎನ್ನುತ್ತಾನೆ.

ಆ ಒಂದು ಮಾತಿನಲ್ಲಿ ಈ ಮೈದಾನದ ನಾಲ್ಕು ವರ್ಷಗಳ ಚರಿತ್ರೆಯಿದೆ. ಬಿಟ್ಟುಕೊಡುತ್ತಾರೆ ಎಂದುಕೊಂಡವರು ಒಂದು ಕಡೆ, ಬಿಟ್ಟುಕೊಟ್ಟೇ ಬಂದವರು ಇನ್ನೊಂದು ಕಡೆ. ಶನಿವಾರ ಐದನೆಯ ತಿರುವಿನಲ್ಲಿ ಹಾಲಿನ ಟ್ಯಾಂಕರಿನ ಹೆಂಗಸೊಬ್ಬಳು ಬಿಟ್ಟುಕೊಡಲಿಲ್ಲ. ಅದಕ್ಕೆ ಇಷ್ಟೆಲ್ಲ.

ಎಂಟೂ ಮುಕ್ಕಾಲಿಗೆ ತೀರ್ಪು ಬರುತ್ತದೆ. ಡಿಕ್ಕಿ ಉದ್ದೇಶಪೂರ್ವಕವೆಂದು ಸಾಬೀತಾಗಿಲ್ಲ. ಲೈಸೆನ್ಸ್ ಉಳಿಯುತ್ತದೆ. ರೋಂಡಾ ಸ್ಟೆಂಗ್ಲ್ ಈ ದಿನದ ಓಟದಲ್ಲಿ ಭಾಗವಹಿಸಬಹುದು. ಆದರೆ ಶನಿವಾರದ ಫಲಿತಾಂಶವನ್ನು ಈಗಾಗಲೇ ಪ್ರಕಟಿಸಿರುವುದರಿಂದ ಅದನ್ನು ಬದಲಾಯಿಸಲಾಗುವುದಿಲ್ಲ. ಕಸಿದ ಗೆಲುವನ್ನು ಹಿಂದಿರುಗಿಸುವ ನಿಯಮ ಪುಸ್ತಕದಲ್ಲಿಲ್ಲವಂತೆ. ಕಸಿಯುವ ನಿಯಮವಿತ್ತು, ಅದು ಇಪ್ಪತ್ತು ನಿಮಿಷದಲ್ಲಿ ಸಿಕ್ಕಿತು. ತಗಡನ್ನು ಕಚೇರಿಯವರೇ ಕಡತಕ್ಕೆಂದು ಇಟ್ಟುಕೊಳ್ಳುತ್ತಾರೆ.

ಮೆಟ್ಟಿಲಿಳಿಯುವಾಗ ಡ್ರೇಗರ್, ದನಿ ಏರಿಸದೆ, ಇನ್ನು ಮುಂದೆ ತಮ್ಮ ತಂಡದ ಕೆಲಸ ಆ ಚಪ್ಪರಕ್ಕೆ ಬರುವುದಿಲ್ಲವೆಂದು ತಿಳಿಸುತ್ತಾರೆ. ಎಡಗಿವಿಯ ಕಡೆಯಿಂದ ಹೇಳಿದ್ದರಿಂದ ರೋಂಡಾ ಅದನ್ನು ಮತ್ತೊಮ್ಮೆ ಹೇಳಬೇಕಾಗುತ್ತದೆ.

"ನನ್ನಿಂದ ನಿನಗೆ ಹೀಗಾಯ್ತು," ಎನ್ನುತ್ತಾಳೆ ರೋಂಡಾ. ಕಣ್ಣು ತುಂಬಿದೆ.

"ನಿನ್ನಿಂದ ಯಾಕೆ? ಪುಟ್ಟಿ ಮೆತ್ತಿದ್ದು ನೀನಾ?" ಎಂದು ಆರ್ಡಿಸ್ ಗದರುತ್ತಾರೆ. "ಹೋಗು, ಎಂಜಿನ್ ಬಿಸಿ ಮಾಡು. ಮತ್ತೆ ಯಾರಾದ್ರೂ ದಾರಿ ಮುಚ್ಚೋಕೆ ಬಂದ್ರೆ ಬಿಟ್ಟುಕೊಡಬೇಡ. ಆದ್ರೆ ಮೆಲ್ಲಗೆ ತಾಗಿಸು, ನನ್ನ ಭುಜದ ಮೇಲೂ ಸ್ವಲ್ಪ ಕರುಣೆ ಇರಲಿ."

ಚಪ್ಪರದ ಮುಂದೆ ಆಗಲೇ ಆರು ತಗಡು ಕಾಯುತ್ತಿವೆ. ಮೆಟ್ಟಿಲ ಮೇಲೆ ನಿಂತು ಎಲ್ಲವನ್ನೂ ಕೇಳಿಸಿಕೊಂಡವರು, ಆರ್ಡಿಸ್ ಕೆಲಸ ಒಮ್ಮೆ ಕುಸಿದಿತ್ತು ಎಂಬುದನ್ನು ಅವರ ಬಾಯಿಂದಲೇ ಕೇಳಿದವರು, ಸಾಲಾಗಿ ತಂದು ಒರಗಿಸಿ ಹೋಗಿದ್ದಾರೆ. ಒಂದರ ಮೇಲೆ ಚೀಟಿಯಿದೆ: "ಎಷ್ಟು ಹೊತ್ತು ಬೇಕೋ ಅಷ್ಟು ತಗೋ." ಆರ್ಡಿಸ್ ಅದನ್ನು ಎರಡು ಸಲ ಓದುತ್ತಾರೆ. ತಲೆಕೆಳಗು ಮಾಡಿದ ಬಕೆಟ್ಟಿನ ಮೇಲೆ ಕೂತು, ಎರಡೂ ಮೊಣಕಾಲುಗಳನ್ನು ಅಂಗೈಯಿಂದ ತಿಕ್ಕಿಕೊಳ್ಳುತ್ತಾರೆ. ಇಷ್ಟೆಲ್ಲ ಆದಮೇಲೆ ಈ ಮೈದಾನದವರಿಂದ ನಿಮಗೇನು ಬೇಕು ಎಂದು ಕೇಳಿದರೆ, ವಿಚಾರಣೆಯ ಕೋಣೆಯ ಕಡೆ ಕೈ ತೋರಿಸುತ್ತಾರೆ.

"ಮುಕ್ಕಾಲು ಗಂಟೆ ನಿಂತಿದ್ದೆ ನೋಡಿ, ಆ ತಗಡು ಹಿಡ್ಕೊಂಡು," ಎನ್ನುತ್ತಾರೆ. "ಮುಂದಿನ ಸಲ ಅಲ್ಲಿ ಇನ್ನೊಂದೆರಡು ಕುರ್ಚಿ ಹಾಕಲಿ."